ಪತ್ರಯ್ಯಜ್ಜನವರೂ ಹಳ್ಳಕ್ಕೆ ಬಿಟ್ಟ ಲಂಗವೂ

ಪೂಜ್ಯ ಪತ್ರಯ್ಯಜ್ಜನವರು ವಾಸವಾಗಿದ್ದುದು ಹಳ್ಳದ ದಂಡೆಯ ಮೇಲಿನ ಒಂದೇ ಅಂಕಣದ ಮಣ್ಣಿನ ಮಠದಲ್ಲಿ. ಒಳಗೆ ಒಂದು ಗದ್ದುಗೆ, ಒಂದು ತಾಮ್ರದ ಕೊಡ, ಗೋಡೆಗೆ ಒರಗಿಸಿದ ನಾಲ್ಕು ಬಿದಿರಿನ ಗಳ. ಗಳದ ತುದಿಗೆ ಕಬ್ಬಿಣದ ಕೊಕ್ಕೆ. ಬೇರೆ ಮಠಗಳಲ್ಲಿ ಬೆಳ್ಳಿಯ ಬೆತ್ತ ಇರುತ್ತದಂತೆ. ಇಲ್ಲಿದ್ದದ್ದು ಹಳ್ಳದ ಹೊಲಸು ಎಳೆಯುವ ಗಳ. ಮಹಾತ್ಮರಿಗೆ ಕೋಪವೇ ಬರುವುದಿಲ್ಲವೆಂದು ಬರೆಯುವವರು ಬರೆದುಕೊಳ್ಳಲಿ. ಅಜ್ಜನವರಿಗೆ ಬರುತ್ತಿತ್ತು, ನಾನೇ ಕಣ್ಣಾರೆ ಕಂಡಿದ್ದೇನೆ.

ಮಠದಿಂದ ಮೇಲಕ್ಕೆ, ಅದೇ ಹಳ್ಳದ ದಂಡೆಗೆ, ಬಂಡೆಮ್ಮನ ಗುಡಿ ಇದೆ. ಜಡ್ಡಿನಿಂದ ಎದ್ದವರು ಮಂಗಳವಾರ ಅಲ್ಲಿ ಮಿಂದು, ಉಟ್ಟ ಬಟ್ಟೆಯನ್ನು ನೀರಿಗೆ ಬಿಟ್ಟು, ಹಿಂತಿರುಗಿ ನೋಡದೆ ಹೋಗಬೇಕು. ಬಟ್ಟೆಯ ಜೊತೆ ಜಡ್ಡೂ ಹರಿದುಹೋಗುತ್ತದೆಂದು ನಂಬಿಕೆ. ಹಿಂದೆ ವರ್ಷಕ್ಕೆ ಹತ್ತು ಮಂದಿ ಬರುತ್ತಿದ್ದರು, ಬಿಡುತ್ತಿದ್ದುದು ನೂಲಿನ ಬಟ್ಟೆ. ಈಗ ಒಂದೊಂದು ಮಂಗಳವಾರ ಇನ್ನೂರು ಮಂದಿ. ಪಾಲಿಸ್ಟರ್ ಸೀರೆ, ಶಾಂಪೂ ಪಾಕೀಟು, ಉಂಡು ಎಸೆದ ಪ್ಲಾಸ್ಟಿಕ್ ತಟ್ಟೆ, ಎಲ್ಲವೂ ನೀರಿಗೇ. ಹಿಂತಿರುಗಿ ನೋಡಬಾರದೆಂಬ ಒಂದು ನಿಯಮವನ್ನು ಮಾತ್ರ ನಮ್ಮ ಜನ ಚಾಚೂ ತಪ್ಪದೆ ಪಾಲಿಸಿದರು.

ನೋಡಿದ್ದರೆ ಕೆಳಗಿನ ತಾಂಡಾ ಕಾಣುತ್ತಿತ್ತು. ಅಲ್ಲಿಯವರು ಹಳ್ಳದ ಉಸುಕಿನಲ್ಲಿ ಗುಂಡಿ ತೋಡಿ, ಒಸರಿದ ನೀರನ್ನು ಬಟ್ಟಲಿನಿಂದ ತುಂಬಿಕೊಂಡು ಕುಡಿಯುತ್ತಾರೆ. ಒಂದು ಬೇಸಿಗೆಯಲ್ಲಿ ವಾಂತಿಭೇದಿ ಬಂದು ಎರಡು ಮಕ್ಕಳು ತೀರಿಹೋದವು. ಅವುಗಳಲ್ಲಿ ಒಂದು ಸೀತಲಿಬಾಯಿಯ ಮಗಳು.

ಆ ಮಕ್ಕಳ ಮಣ್ಣು ಮುಗಿಸಿ ಬಂದ ಮರುದಿನವೇ ಅಜ್ಜನವರು ಕಾವಿಯನ್ನು ಮೊಣಕಾಲಿಗೆ ಎತ್ತಿಕಟ್ಟಿ ಹಳ್ಳಕ್ಕಿಳಿದರು. ಆಗ ಅವರಿಗೆ ಅರವತ್ತೆಂಟು ವರ್ಷ. ಮೂರು ದಿನ ಒಬ್ಬರೇ ಎಳೆದರು. ಸ್ವಾಮಿಗಳು ಹೇಸಿಗೆ ಮುಟ್ಟುತ್ತಾರೆಂದು ಗುಡಿಯ ಕಮಿಟಿಯ ದೊಡ್ಡಮನುಷ್ಯರು ಮೂಗು ಮುಚ್ಚಿಕೊಂಡರು, ಹೇಸಿಗೆ ಮಾಡಿದವರ ಬಗ್ಗೆ ತುಟಿ ಪಿಟಕ್ಕೆನ್ನಲಿಲ್ಲ. ನಾಲ್ಕನೆಯ ದಿನ ಸೀತಲಿಬಾಯಿ ಬಂದು ಇನ್ನೊಂದು ಗಳ ಹಿಡಿದಳು. ಆಮೇಲೆ ನಿವೃತ್ತ ಮಾಸ್ತರನಾದ ನಾನು, ನನ್ನ ಹಿಂದೆ ಊರಿನ ಹತ್ತು ಮಂದಿ. ಅಂದಿನಿಂದ ಪ್ರತಿ ಬುಧವಾರ ಬೆಳಿಗ್ಗೆ ನಮ್ಮ ಕೆಲಸ ಅದೇ. ಎಳೆದ ಬಟ್ಟೆಗಳನ್ನು ಸೋಡಾ ಹಾಕಿ ಕುದಿಸಿ ಒಣಹಾಕಿದರೆ, ತಾಂಡಾದ ಹೆಣ್ಣುಮಕ್ಕಳು ಅವುಗಳಿಂದ ಕೌದಿ ಹೊಲಿಯುತ್ತಿದ್ದರು. ಜಡ್ಡಿನ ಬಟ್ಟೆಯ ಕೌದಿಯೆಂದು ಜನ ಹೆದರಿದಾಗ, ಮೊದಲನೆಯದನ್ನು ಅಜ್ಜನವರು ತಾವೇ ಹಾಸಿಕೊಂಡರು.

ಒಂದು ವರ್ಷ ಹೀಗೆ ಕಳೆದ ಮೇಲೆ, ಒಂದು ಬುಧವಾರ, ಟಂಟಂ ಗಾಡಿ ಓಡಿಸುವ ತಿರಕಪ್ಪನೆಂಬವನು ಬಿರುಗಾಳಿಯಂತೆ ಮಠಕ್ಕೆ ನುಗ್ಗಿದನು. ಅವನ ಏಳು ವರ್ಷದ ಮಗಳು ಕಸ್ತೂರಿ ಹತ್ತು ತಿಂಗಳ ಕೆಳಗೆ ಜ್ವರದಿಂದ ಎದ್ದಿದ್ದಳು. ಅವಳ ಲಂಗವನ್ನು ಅವನೇ ನೀರಿಗೆ ಬಿಟ್ಟಿದ್ದನು.

"ಅಜ್ಜಾರ, ಇವತ್ತ ನಾ ಕಾಲಿಗೆ ಬೀಳಾಕ ಬಂದಿಲ್ರಿ. ನನ್ನ ಮಗಳ ಲಂಗ ನೀವು ಹಳ್ಳದಾಗಿಂದ ತಗದೀರಿ. ಹೋದ ಜ್ವರ ತಿರುಗಿ ಬಂದೈತಿ. ಮೂರು ದಿನ ಆತು, ಕೂಸು ಕಣ್ಣ ತಗಿವಲ್ದು."

ಅಷ್ಟರಲ್ಲಿ ಅವನ ಕಣ್ಣು ಅಜ್ಜನವರ ಹಾಸಿಗೆಯ ಮೇಲೆ ಬಿತ್ತು. ಕೌದಿಯ ನಡುವೆ ಹಸಿರು ಅಂಚಿನ ಹಳದಿ ತುಂಡು. "ಅದ ನೋಡ್ರಿ ಲಂಗ. ಕಿತ್ತು ಕೊಡ್ರಿ. ಮತ್ತ ನೀರಿಗೆ ಬಿಡ್ತೀನಿ. ನನ್ನ ಕೂಸು ಹೋದ್ರ ನೀವ ಹೊಣಿ."

ಜ್ವರ ಬಟ್ಟೆಯಲ್ಲಿ ಕೂರುವುದಿಲ್ಲವೆಂದು ಅಜ್ಜನವರು ವಾದಿಸಬಹುದಿತ್ತು. ತಾವು ದಿನಾ ಅದರ ಮೇಲೆಯೇ ಮಲಗಿ ಗಟ್ಟಿಮುಟ್ಟಾಗಿದ್ದೇವೆ ಎನ್ನಬಹುದಿತ್ತು. ಅವರು ಎದ್ದು ನಿಂತರು. ಕಣ್ಣು ಕೆಂಪಾಗಿತ್ತು.

"ಜಡ್ಡು ಅರಿವಿ ಕೂಡ ಹೋಗತೈತಿ ಅಂತ ಖರೇನ ನಂಬೀಯೇನು?"

"ನಂಬೀನ್ರಿ."

"ಹಂಗಾರ ಹೇಳು. ಯಾರ ಮಗಳಿಗೆ ಕಳಿಸಿದ್ದಿ?"

ತಿರಕಪ್ಪ ಬಾಗಿ ಕೌದಿಯ ಹಳದಿ ತುಂಡನ್ನು ಜಗ್ಗತೊಡಗಿದನು.

ಹೊರಗೆ ಬಟ್ಟೆ ಹಿಂಡುತ್ತಿದ್ದ ಸೀತಲಿಬಾಯಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಒಳಗೆ ಬಂದು, ಕೌದಿಯನ್ನು ತೊಡೆಯ ಮೇಲೆ ಎಳೆದುಕೊಂಡು, ಸೂಜಿಯ ಮೊನೆಯಿಂದ ಹೊಲಿಗೆ ಬಿಚ್ಚತೊಡಗಿದಳು. "ತಡೀರಿ ಅಣ್ಣಾ, ಜಗ್ಗಿದ್ರ ಹರೀತೈತಿ. ನಾನ ಬಿಚ್ಚಿಕೊಡ್ತೀನಿ," ಎಂದಳು.

ಬಾಗಿಲಲ್ಲಿ ನಿಂತಿದ್ದ ನನಗೆ ತಡೆಯಲಾಗಲಿಲ್ಲ. ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತ್ತು, ಸುಳ್ಳೇಕೆ ಹೇಳಲಿ. "ಈಕಿ ಮಗಳು ಹೋದ ಬ್ಯಾಸಗ್ಯಾಗ ಇದ ನೀರು ಕುಡದು ಸತ್ತಾಳ. ತಗೊಂಡು ಹೋಗು, ಇನ್ನೊಮ್ಮೆ ಬಿಡು," ಎಂದು ಚೀರಿದೆ.

"ಮಾಸ್ತರ, ಸಾಕು," ಎಂದರು ಅಜ್ಜನವರು. ಆಮೇಲೆ ತಿರಕಪ್ಪನತ್ತ ತಿರುಗಿ, "ಕೂಸು ಅಲ್ಲಿ ಜ್ವರದಾಗ ಬಿದ್ದೈತಿ, ನೀ ಇಲ್ಲಿ ಅರಿವಿ ಹುಡುಕಾಕತ್ತೀ. ದವಾಖಾನಿಗೆ ಒಯ್ಯಿ. ನಡಿ," ಎಂದು ಗದರಿದರು.

ಸೀತಲಿಬಾಯಿ ಚಾಚಿದ ತುಂಡನ್ನು ಅವನು ಮುಟ್ಟಲಿಲ್ಲ. ಓಡಿದನು. ಡಾಕ್ಟರು ಟೈಫಾಯಿಡ್ ಎಂದರಂತೆ, ನೀರಿನಿಂದ ಬರುವುದೆಂದರಂತೆ. ಎರಡು ವಾರ ದವಾಖಾನೆಯಲ್ಲಿದ್ದು, ಗುರುಕೃಪೆಯಿಂದ ಹುಡುಗಿ ಎದ್ದು ಕುಳಿತಳು.

ಮೂರನೆಯ ಬುಧವಾರ ನಾವು ಹಳ್ಳದಲ್ಲಿದ್ದಾಗ ತಿರಕಪ್ಪ ಬಂದನು. ಈ ಸಲ ಅವನು ಅಜ್ಜನವರ ಪಾದಕ್ಕೆ ಬೀಳಹೋದನು. ಅವರು ಹಿಂದೆ ಸರಿದು, ಗಳದಿಂದ ಸೀತಲಿಬಾಯಿ ನಿಂತಿದ್ದ ಕಡೆಗೆ ತೋರಿಸಿದರು, ಅಷ್ಟೇ.

ಅವನು ಚಪ್ಪಲಿ ಬಿಟ್ಟು, ಪ್ಯಾಂಟು ಮಡಚದೆಯೇ ನೀರಿಗಿಳಿದನು. ಸೊಂಟದವರೆಗೆ ಹೊಲಸು ನೀರಿನಲ್ಲಿ ನಿಂತು, ಕೈಮುಗಿದು ಕೇಳಿದನು: "ಅಕ್ಕಾ, ನಿಮ್ಮ ಮಗಳ ಹೆಸರೇನ್ರಿ?"

ಸೀತಲಿಬಾಯಿಯ ಕೈಯಿಂದ ಗಳ ಜಾರಿತು. "ರೂಪಲಿ," ಎಂದಳು. "ಆರು ವರ್ಷ ಮುಗಿದಿದ್ವು." ಮಗಳ ಮಣ್ಣಿನ ದಿನದ ಬಳಿಕ ಅವಳು ಅತ್ತದ್ದನ್ನು ನಾವು ಕಂಡಿರಲಿಲ್ಲ. ಅಂದು ನೀರಿನಲ್ಲಿ ನಿಂತೇ ಅತ್ತಳು.

ಅಜ್ಜನವರು ನನ್ನ ಕಡೆ ನೋಡಿದರು. ಒಂದು ವರ್ಷ ಅವಳ ಪಕ್ಕದಲ್ಲಿ ನಿಂತು ಹೊಲಸು ಎಳೆದಿದ್ದೆ, ಅವಳ ಮಗಳ ಸಾವನ್ನು ಅವನ ಮುಖಕ್ಕೆ ಎಸೆದಿದ್ದೆ. ಆ ಕೂಸಿನ ಹೆಸರನ್ನು ನಾನು ಒಮ್ಮೆಯೂ ಕೇಳಿರಲಿಲ್ಲ.