ಹಾಲಮ್ಮಜ್ಜಿಯ ಕುಲಾವಿ

ಒಂದು ಕೆರೆ. ಕೆರೆಯ ನಡುವೆ ಒಂದು ಜಾಲಿಮರ. ಮರದ ತುಂಬಾ ಬೆಳ್ಳಕ್ಕಿಗಳು. ಮಕ್ಕಳೇ, ಬೆಳ್ಳಕ್ಕಿಗಳನ್ನು ನೀವು ನೋಡಿದ್ದೀರಲ್ಲ? ಒಂದನ್ನು ನೋಡಿದರೆ ಎಲ್ಲವನ್ನೂ ನೋಡಿದ ಹಾಗೆ. ಅದೇ ಬಿಳಿ ಮೈ, ಅದೇ ಹಳದಿ ಕೊಕ್ಕು.

ಆದರೆ ಹಾಲಮ್ಮಜ್ಜಿಯನ್ನು ಮಾತ್ರ ಯಾರು ಬೇಕಾದರೂ ಗುರುತು ಹಿಡಿಯುತ್ತಿದ್ದರು. ಅವಳ ತಲೆಯ ಮೇಲೊಂದು ಕುಲಾವಿ! ಎಳೆಗೂಸುಗಳಿಗೆ ಹಾಕುತ್ತಾರಲ್ಲ, ಅದೇ. ಕೆಂಪು ಬಟ್ಟೆ, ನೆತ್ತಿಯ ಮೇಲೆ ಹಸಿರು ಗೊಂಡೆ. ಬಟ್ಟೆ ಒಗೆಯಲು ಬಂದವರು ಯಾರೋ ಕಲ್ಲಿನ ಮೇಲೆ ಮರೆತುಹೋದದ್ದು. ಕಿವಿಯೇ ಕಾಣದ ಹಕ್ಕಿಗೆ ಕಿವಿ ಮುಚ್ಚುವ ಟೋಪಿ! ಕಟ್ಟುವ ದಾರ ಎರಡೂ ಕಡೆ ಜೋಲಾಡುತ್ತಿತ್ತು. ನೆನೆದರೆ ನನಗೆ ಈಗಲೂ ನಗು ಬರುತ್ತದೆ.

ಅಜ್ಜಿಗೆ ತುಂಬೆ ಎಂಬ ಪುಟ್ಟ ಮೊಮ್ಮಗಳು. ಅವಳನ್ನು ಸಾಕಿದವಳು ಅಜ್ಜಿಯೇ.

ಒಂದು ದಿನ ನೀರುಕೋಳಿ ನಾಗಕ್ಕ ಕೂಗಿದಳು, "ಏನೇ ತುಂಬೆ, ನಿಮ್ಮಜ್ಜಿಗೆ ನಾಮಕರಣ ಯಾವತ್ತೇ? ನಮ್ಮನ್ನ ಕರಿಯೋದು ಮರೀಬೇಡ! ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತ ದೊಡ್ಡವರು ಸುಮ್ಮನೆ ಹೇಳಿದಾರಾ?"

ಕೆರೆಯವರೆಲ್ಲ ನಕ್ಕರು. ಅಜ್ಜಿಯೂ ನಕ್ಕಳು. ತುಂಬೆಗೆ ಮಾತ್ರ ಅಳು ಬಂತು.

ಮರುದಿನ ತುಂಬೆ ಮೊದಲ ಸಲ ದೂರದ ಗದ್ದೆಗೆ ಹಾರಬೇಕಿತ್ತು. "ಅಜ್ಜೀ, ಅಲ್ಲಿಗೆ ಏಳು ಕೆರೆಯವರೂ ಬರ್ತಾರೆ. ಅದನ್ನ ಹಾಕ್ಕೋಬೇಡ. ನಂಗೆ ನಾಚಿಕೆ ಆಗುತ್ತೆ," ಎಂದಳು.

"ಆಗಲಿ ಕಂದಾ, ಹಾಕ್ಕೊಳ್ಳಲ್ಲ," ಎಂದು ಅಜ್ಜಿ ಕುಲಾವಿ ತೆಗೆದಳು.

ಗದ್ದೆಯಲ್ಲಿ ಟ್ರ್ಯಾಕ್ಟರ್ ಉಳುತ್ತಿತ್ತು. ಮಗುಚಿದ ಮಣ್ಣಿನಿಂದ ಹುಳುಗಳು ಏಳುತ್ತಿದ್ದವು. ತುಂಬೆ ಒಂದು ಮಿಡತೆಯ ಬೆನ್ನು ಹತ್ತಿದಳು. ಅಷ್ಟರಲ್ಲಿ ಟ್ರ್ಯಾಕ್ಟರ್ ಢಮ್ ಎಂದು ಸದ್ದು ಮಾಡಿತು. ಸಾವಿರ ಹಕ್ಕಿಗಳು ಒಟ್ಟಿಗೇ ಎದ್ದು, ಎಲ್ಲೆಲ್ಲೋ ಇಳಿದವು.

ತುಂಬೆ ಸುತ್ತ ನೋಡಿದಳು. ಎಲ್ಲೆಲ್ಲೂ ಬಿಳಿಯೇ ಬಿಳಿ!

"ಅಜ್ಜೀ!" ಎಂದು ಒಬ್ಬಳ ಬಳಿ ಓಡಿದಳು. ಅವಳು ಬೇರೆ ಯಾರೋ. ಇನ್ನೊಬ್ಬಳ ಬಳಿ ಓಡಿದಳು. ಅವಳೂ ಅಲ್ಲ. ಮೂರನೆಯವಳು, "ಹೋಗೇ ಆಚೆ!" ಎಂದು ಕುಕ್ಕಿದಳು.

ಹೊತ್ತು ಇಳಿಯುತ್ತಿತ್ತು. ಒಂದೊಂದು ಕೆರೆಯವರೂ ಒಂದೊಂದು ದಿಕ್ಕಿಗೆ ಹೊರಟರು. ಯಾರ ಹಿಂದೆ ಹೋಗುವುದು? ತಪ್ಪು ಗುಂಪಿನ ಹಿಂದೆ ಹೋದರೆ ಗೊತ್ತಿಲ್ಲದ ಕೆರೆ ಸೇರಬೇಕು. ಅಲ್ಲಿ ಅಜ್ಜಿ ಇರುವುದಿಲ್ಲ.

ಆಗ ಗದ್ದೆಯ ಆ ತುದಿಯಲ್ಲಿ ಯಾರೋ ಹೋ ಎಂದು ನಕ್ಕರು. ನಗು ಗದ್ದೆಯಿಡೀ ಹಬ್ಬಿತು. ತುಂಬೆ ತಿರುಗಿ ನೋಡಿದಳು.

ಒಂದು ಎಮ್ಮೆಯ ಬೆನ್ನ ಮೇಲೆ ಕೆಂಪು ಕುಲಾವಿ! ಅದರ ಹಸಿರು ಗೊಂಡೆ ಕುಣಿಯುತ್ತಿತ್ತು. ಏಳು ಕೆರೆಯವರು ನಗುತ್ತಿದ್ದರೂ ಅಜ್ಜಿ ಕತ್ತು ಚಾಚಿ, "ತುಂಬೇ! ತುಂಬೇ!" ಎಂದು ಕೂಗುತ್ತಲೇ ಇದ್ದಳು.

ತುಂಬೆ ಹಾರಿ ಹೋಗಿ ಅವಳ ರೆಕ್ಕೆಯೊಳಗೆ ತಲೆ ಹುದುಗಿಸಿ ಅತ್ತಳು.

"ಮನೇಲಿ ಬಿಟ್ಟು ಬರಲಿಲ್ವಾ ಅಜ್ಜೀ?"

"ಹಾಕ್ಕೊಳ್ಳಲ್ಲ ಅಂದಿದ್ದೆ ಕಣೇ, ತರಲ್ಲ ಅಂದಿದ್ನಾ? ರೆಕ್ಕೆ ಅಡಿ ಇಟ್ಕೊಂಡಿದ್ದೆ. ನೀನು ಬೈದರೂ ಪರವಾಗಿಲ್ಲ, ಸಿಕ್ಕಿದ್ರೆ ಸಾಕು ಅನ್ನಿಸ್ತು."

ತುಂಬೆ ಜೋಲಾಡುತ್ತಿದ್ದ ಎರಡು ದಾರಗಳನ್ನು ಕೊಕ್ಕಿನಿಂದ ಎಳೆದು, ಅಜ್ಜಿಯ ಗದ್ದದ ಕೆಳಗೆ ಬಿಗಿಯಾಗಿ ಗಂಟು ಹಾಕಿದಳು.

ಇಬ್ಬರೂ ಕೆರೆಗೆ ಮರಳಿದಾಗ ನಾಗಕ್ಕ ಕಾದೇ ಇದ್ದಳು. "ಏನೇ, ನಿಮ್ಮಜ್ಜಿಗೆ ನಾಮಕರಣ ಯಾವತ್ತೇ?"

"ಇವತ್ತೇ ಆಯ್ತು ನಾಗಕ್ಕ," ಎಂದಳು ತುಂಬೆ. "ಏಳು ಕೆರೆಯವರ ಎದುರಿಗೇ ಆಯ್ತು. 'ನಮ್ಮಜ್ಜಿ' ಅಂತ ಹೆಸರಿಟ್ಟೆ."

ನೀತಿ: ಊರು ನಗುತ್ತದೆಂದು ನಮ್ಮವರಿಗಾಗಿ ನಾಚಬಾರದು, ದಾರಿ ತಪ್ಪಿದ ದಿನ ನಾವು ಹುಡುಕುವುದು ಅವರನ್ನೇ.