ಬಿದಿರು ಮೆಳೆಯಲ್ಲಿ ಬಾವಲಿಯ ಬಿಡಾರ

ಸುತ್ತಲಿನ ಮೆಳೆಗಳನ್ನೆಲ್ಲ ಜನ ಕಡಿದೊಯ್ದಿದ್ದರು. ಹೆಬ್ಬೆರಳಿನಷ್ಟೇ ಇದ್ದ ಬಿದಿರುಬಾವಲಿಯೊಬ್ಬಳು ಎದೆಗೆ ಕಚ್ಚಿಕೊಂಡ ಮರಿಯೊಂದಿಗೆ, ಬೆಳಕು ಹರಿಯುವುದರೊಳಗೆ ಬಿಡಾರ ಸಿಕ್ಕೀತೇ ಎಂದು ಉಳಿದಿದ್ದ ಒಂದೇ ಮೆಳೆಗೆ ಬಂದಳು.

“ಬಾ ತಾಯಿ, ನನ್ನೊಳಗೆಲ್ಲ ಖಾಲಿಯೇ! ನಿನ್ನ ಬಳಗವನ್ನೂ ಕರೆದುಕೊಂಡು ಬಾ,” ಎಂದಿತು ನುಣುಪು ಮೈಯ ಹೆಬ್ಬಿದಿರು.

ಬಾವಲಿ ಹಿಗ್ಗಿ ಅದರ ಮೈಯೆಲ್ಲ ತಡವಿದಳು. ಎಲ್ಲೂ ಒಂದು ಬಿರುಕಿಲ್ಲ. ಪಕ್ಕದಲ್ಲೊಂದು ಬಡಕಲು ಬಿದಿರು ಮಾತಿಲ್ಲದೆ ನಿಂತಿತ್ತು. ದುಂಬಿ ಕೊರೆದಲ್ಲಿ ಅದು ಸೀಳುಬಿಟ್ಟಿತ್ತು. ಬಾವಲಿ ಮೈ ಚಪ್ಪಟೆ ಮಾಡಿಕೊಂಡು ಆ ಸೀಳಿನೊಳಗೆ ನುಸುಳಿದಳು.

ಹೆಬ್ಬಿದಿರಿಗೆ ಸಿಟ್ಟು ಬಂತು. “ನಾನು ಬಾಯ್ತುಂಬ ಕರೆದರೂ ಆ ಹುಳುಕು ಬಿದಿರೇ ಬೇಕಾಯಿತೇ ನಿನಗೆ?”

“ಜಾಗ ನಿನ್ನಲ್ಲೇ ಹೆಚ್ಚು, ಅಣ್ಣಾ,” ಎಂದಳು ಬಾವಲಿ ಒಳಗಿನಿಂದ. “ಆದರೆ ನಿನಗಿನ್ನೂ ಎಲ್ಲೂ ನೋವೇ ಆಗಿಲ್ಲ. ನಾನು ಯಾವ ಕಡೆಯಿಂದ ಬರಲಿ?”