ಬಾರದ ಬುರುಡೆಗೆ ಕೊಟ್ಟ ದೊನ್ನೆ

ದಟ್ಟವಾದ ಕಾಡಿನ ನಡುವೆ ಒಂದು ಹೊಳೆ. ಹೊಳೆಯ ಈಚೆ ದಡದಲ್ಲಿ, ಬಿದಿರುಮೆಳೆಯ ಹಿಂದಿನ ಗುಹೆಯಲ್ಲಿ ಜಡೆಯಕ್ಕ ಎಂಬ ಕರಡಿ ತನ್ನ ಎರಡು ಮರಿಗಳ ಜೊತೆ ವಾಸವಾಗಿದ್ದಳು. ಮೈತುಂಬ ಸಿಕ್ಕುಗಟ್ಟಿದ ಕೂದಲು, ಅದಕ್ಕೇ ಆ ಹೆಸರು. ಜೇನು ಮಾರುವುದು ಅವಳ ಕಸುಬು.

ಮಕ್ಕಳೇ, ಮಾರುವುದು ಎಂದ ಕೂಡಲೇ ಅಂಗಡಿ, ತಕ್ಕಡಿ, ಗಲ್ಲಾಪೆಟ್ಟಿಗೆ ಎಂದುಕೊಳ್ಳಬೇಡಿ. ಆ ಕಾಡಿನಲ್ಲಿ ಮಾರುವವರು ಕೊಳ್ಳುವವರ ಮುಖವನ್ನೇ ನೋಡುತ್ತಿರಲಿಲ್ಲ. ಯಾರಿಗೆ ಏನು ಬೇಕು ಎಂದು ಗಿಳಿಗಳು ಮರದಿಂದ ಮರಕ್ಕೆ ಕೂಗಿ ತಿಳಿಸುತ್ತಿದ್ದವು. ಹೊಳೆಯ ನಡುವಿನ ಬಂಡೆಯ ಮೇಲೆ ಚಿಪ್ಪಜ್ಜ ಎಂಬ ಮುದಿ ಆಮೆ ಕೂತಿರುತ್ತಿದ್ದ. ಕೊಳ್ಳುವವರು ಒಣಗಿಸಿದ ಗೆದ್ದಲುಹುಳುಗಳನ್ನು ದೊನ್ನೆಯಲ್ಲಿ ತುಂಬಿ ಅವನ ಹತ್ತಿರ ಇಡಬೇಕು. ಮಾರುವವರು ಜೇನು ತುಂಬಿದ ಸೋರೆಬುರುಡೆಯನ್ನು ಇಡಬೇಕು. ನೀರುನಾಯಿ ಅವನ್ನು ಅತ್ತಿತ್ತ ಮುಟ್ಟಿಸುತ್ತಿದ್ದ.

ಜೇನು ಹಿಡಿಸಲಿಲ್ಲವೋ, ಅದಕ್ಕೂ ಒಂದು ಕ್ರಮವಿತ್ತು. ಬುರುಡೆ ಮೊದಲು ಬಂಡೆಗೆ ವಾಪಸ್ ಬರಬೇಕು. ಅಜ್ಜ ಮುಚ್ಚಳ ತೆಗೆದು, ಮೂಸಿ, ನೋಡಿ, ಆಮೇಲೆ ಮಾರಿದವರಿಂದ ದೊನ್ನೆ ತರಿಸಿ, ಅದನ್ನು ಬಂದ ದಾರಿಯಲ್ಲೇ, ಕೊಟ್ಟವರ ಮನೆಗೇ ಕಳಿಸುತ್ತಿದ್ದ. ಅಜ್ಜ ಒಂದು ಬುರುಡೆ ಮೂಸಿ ಮುಗಿಸುವ ಹೊತ್ತಿಗೆ ಮಿಕ್ಕವರ ಊಟವಾಗಿ ನಿದ್ದೆಯೂ ಆಗಿರುತ್ತಿತ್ತು, ಅದು ಬೇರೆ ಮಾತು.

ನಮ್ಮ ಜಡೆಯಕ್ಕನಿಗೆ ಹುಲಿ ಎದುರಾದರೂ ಅಂಜಿಕೆಯಿಲ್ಲ. ಹೆಜ್ಜೇನು ಮೂತಿಗೆ ಮುತ್ತಿದರೆ ತಲೆ ಕೊಡವಿ ನಕ್ಕುಬಿಡುವಳು. ಆದರೆ ಯಾರಾದರೂ ತನ್ನನ್ನು ಒಂದು ಕೆಟ್ಟ ಮಾತು ಅಂದರೆ ಮುಗಿಯಿತು, ಅಷ್ಟು ದೊಡ್ಡ ದೇಹ ನೀರಾಗಿಹೋಗುತ್ತಿತ್ತು. ದಿನಾ ಬೆಳಗ್ಗೆ ಮೈನಾಗಳು ಆಲದ ತುದಿಯಲ್ಲಿ ಕೂತು, ಯಾರ ಮಾಲು ಚೆನ್ನ, ಯಾರದು ಕಳಪೆ ಎಂದು ಕಾಡಿಗೆಲ್ಲ ಕೇಳುವಂತೆ ಸಾರುತ್ತಿದ್ದವು. ಆ ಹೊತ್ತಿಗೆ ಜಡೆಯಕ್ಕ ಮರಿಗಳ ಬಾಯಿ ಮುಚ್ಚಿ ಹಿಡಿದು, ತನ್ನ ಹೆಸರು ಬರುತ್ತದೇನೋ ಎಂದು ಕಿವಿ ನಿಮಿರಿಸಿಕೊಂಡು ಕೂರುವಳು.

ಮಳೆಗಾಲ ಹತ್ತಿರ ಬಂದಿತ್ತು. ಮಳೆ ಹಿಡಿದರೆ ಜೇನೂ ಇಲ್ಲ, ವ್ಯಾಪಾರವೂ ಇಲ್ಲ. ಗುಹೆಯ ಮೂಲೆಯಲ್ಲಿ ಪೇರಿಸಿಟ್ಟ ಗೆದ್ದಲುಹುಳುವಿನ ದೊನ್ನೆಗಳೇ ಮರಿಗಳ ಹೊಟ್ಟೆಗೆ ಗತಿ.

ಒಂದು ಮಧ್ಯಾಹ್ನ ಗುಹೆಯ ಎದುರಿನ ಮತ್ತಿಮರದಿಂದ ನವಿಲಿನ ಕೇಕೆ ಕೇಳಿಸಿತು.

"ಏನಮ್ಮಾ ಜಡೆಯಕ್ಕಾ! ಜೇನು ಅಂತ ಹುಳಿನೀರು ಕಳಿಸಿದ್ದೀಯಲ್ಲ? ನಾನು ಆಚೆ ದಡದ ಸೋಗೆರಾಯ!"

ಜಡೆಯಕ್ಕ ಗುಹೆಯಿಂದ ಹೊರಗೆ ಓಡಿಬಂದಳು. ಹಿಂದಿನ ದಿನವಷ್ಟೇ ಸೋಗೆರಾಯನಿಗೆ ಬುರುಡೆ ಹೋಗಿದ್ದು ನಿಜ.

"ಅಯ್ಯೋ, ಹುಳಿಯಾಗಿತ್ತಾ ರಾಯರೇ? ಕೆಳಗೆ ಬನ್ನಿ, ಮಾತಾಡೋಣ."

"ಹೇಗೆ ಬರಲಿ? ಬಾಲ ಕೊಂಬೆಗೆ ಸಿಕ್ಕಿಕೊಂಡಿದೆ. ನನ್ನ ದೊನ್ನೆ ನನಗೆ ಕೊಟ್ಟುಬಿಡು."

"ಕೊಡ್ತೀನಿ, ಕೊಡ್ತೀನಿ. ಬುರುಡೆ ಅಜ್ಜನ ಬಂಡೆಗೆ ಕಳಿಸಿದ್ರಾ?"

"ಆ ಮುದುಕ ಮೂಸಿ ಮುಗಿಸೋ ಹೊತ್ತಿಗೆ ನನ್ನ ಮೊಮ್ಮಕ್ಕಳಿಗೆ ಮದುವೆಯಾಗಿರತ್ತೆ! ದೊನ್ನೆಯನ್ನ ಈ ಮರದ ಪೊಟರೆಯಲ್ಲಿಡು, ನಾನು ತಗೊಂಡು ಹೋಗ್ತೀನಿ. ಬುರುಡೆ ಆಮೇಲೆ ಬರತ್ತೆ. ಆಗಲ್ಲ ಅನ್ನು, ನಾಳೆ ಬೆಳಗ್ಗೆ ಮೈನಾಗಳ ಬಾಯಲ್ಲಿ ನಿನ್ನ ಹೆಸರು ಬರತ್ತೆ."

ಮೈನಾಗಳ ಹೆಸರು ಕೇಳಿದ್ದೇ ತಡ, ಜಡೆಯಕ್ಕ ಗುಹೆಯೊಳಗೆ ಓಡಿ ದೊನ್ನೆ ತಂದು ಪೊಟರೆಯಲ್ಲಿಟ್ಟಳು. ತೊಂದರೆ ಕೊಟ್ಟೆನಲ್ಲ ಎಂದು ಮೇಲೆ ಒಂದು ಹಿಡಿ ಹೆಚ್ಚಿಗೇ ಹಾಕಿದಳು.

ಮರದಲ್ಲಿ ಇದ್ದದ್ದು ಯಾವ ನವಿಲು ಮಕ್ಕಳೇ? ಅಲ್ಲಿ ಕೂತಿದ್ದವನು ಕಾಜಾಣ! ಮೈಯೆಲ್ಲ ಕಪ್ಪು, ಬಾಲ ಕವಲು, ಗಂಟಲಲ್ಲಿ ಮಾತ್ರ ಕಾಡಿನ ಎಲ್ಲ ಹಕ್ಕಿಗಳೂ ಇದ್ದವು. ಯಾರಿಗೆ ಯಾವ ಮಾಲು ಹೋಯಿತು ಎಂದು ಗಿಳಿಗಳು ಬಾಯಿಬಿಟ್ಟು ಕೂಗುತ್ತಿದ್ದುದರಿಂದ ಅವನಿಗೆ ಹೆಸರು ಹುಡುಕುವ ಕಷ್ಟವೂ ಇರಲಿಲ್ಲ. ಗೆದ್ದಲುಹುಳು ಅವನಿಗೆ ಪಂಚಪ್ರಾಣ. ಹಿಡಿದು ತಿನ್ನುವುದಕ್ಕೆ ಮಾತ್ರ ಮೈಗಳ್ಳತನ.

ಮರುದಿನ ಅದೇ ಮರದಿಂದ ಕಾಡುಕೋಳಿಯ ಕೂಗು. "ಜೇನಿನಲ್ಲಿ ಇರುವೆ! ನನ್ನ ದೊನ್ನೆ ಕೊಡು!" ಜಡೆಯಕ್ಕ ಎರಡನೆಯ ಮಾತಾಡದೆ ಕೊಟ್ಟಳು. ಸಂಜೆಗೆ ಗೌಜಲಹಕ್ಕಿಯ ದನಿ. "ನಾನು ಅವಸರದಲ್ಲಿ ಒಂದರ ಬದಲು ಎರಡು ದೊನ್ನೆ ಇಟ್ಟುಬಿಟ್ಟಿದ್ದೆ. ಹೆಚ್ಚಿನದು ವಾಪಸ್ ಕೊಡಕ್ಕಾ." ಹೆಚ್ಚಿಗೆ ಬಂದದ್ದು ಜಡೆಯಕ್ಕನಿಗೆ ನೆನಪಿರಲಿಲ್ಲ. ಆದರೂ ಇಲ್ಲ ಎನ್ನಲು ನಾಚಿಕೆಯಾಗಿ ಅದನ್ನೂ ಕೊಟ್ಟಳು. ಹೀಗೆಯೇ ನಡೆದು, ಮೂಲೆಯ ರಾಶಿ ಅರ್ಧಕ್ಕಿಳಿಯಿತು.

"ಅಮ್ಮಾ, ಮಳೆಗಾಲಕ್ಕೆ ನಮಗೆ?" ಎಂದು ಮರಿಯೊಂದು ಕೇಳಿತು.

"ಸುಮ್ನಿರು. ಒಳ್ಳೆ ಹೆಸರಿದ್ರೆ ಎಲ್ಲಾ ತಾನಾಗೇ ಬರತ್ತೆ," ಎಂದಳು ಜಡೆಯಕ್ಕ. ಒಳ್ಳೆಯ ಹೆಸರನ್ನು ಯಾವ ಮರಿಯೂ ಅಗಿದು ತಿಂದದ್ದಿಲ್ಲ ಎಂಬುದು ಅವಳಿಗೆ ಹೊಳೆಯಲಿಲ್ಲ.

ಒಂದು ಬೆಳಗ್ಗೆ ಮೈನಾಗಳು ಶುರುಮಾಡಿದವು. "ಕೇಳಿ, ಕೇಳಿ! ಜಡೆಯಕ್ಕನ ಜೇನು ಅಮೃತ ಅಂತೆ! ಬುರುಡೆಯ ತಳ ಕೆರೆದು ತಿಂದೆ ಅಂತ ಸೋಗೆರಾಯರೇ ಹೇಳಿದ್ದಾರೆ! ಕಾಡುಕೋಳಿಗೂ ಬಹಳ ಹಿಡಿಸಿತಂತೆ!"

ಜಡೆಯಕ್ಕ ಹಿಗ್ಗಿ ಹೀರೇಕಾಯಿಯಾದಳು. ಎದ್ದು ಕುಣಿಯಬೇಕು ಎನ್ನುವಷ್ಟರಲ್ಲಿ ಒಂದು ಕಾಲು ಎತ್ತಿದ್ದು ಹಾಗೇ ನಿಂತಿತು.

"ತಳ ಕೆರೆದು ತಿಂದರಾ? ಹಾಗಾದ್ರೆ ಹುಳಿ ಅಂತ ದೊನ್ನೆ ವಾಪಸ್ ತಗೊಂಡಿದ್ದು ಯಾರು?"

ಅವಳು ನೇರ ಹೊಳೆಗೆ ಹೋದಳು. ಚಿಪ್ಪಜ್ಜ ಎಲ್ಲವನ್ನೂ ಕೇಳಿ, ಕತ್ತನ್ನು ನಿಧಾನವಾಗಿ ಹೊರಗೆ ಚಾಚಿದ.

"ಬುರುಡೆ ಒಂದೂ ನನ್ನ ಬಂಡೆಗೆ ಬರಲಿಲ್ವಲ್ಲ ತಾಯೀ."

"ಇಲ್ಲ ಅಜ್ಜ. ಆಮೇಲೆ ಬರತ್ತೆ ಅಂದ್ರು."

"ಮುಖ ನೋಡಿದ್ಯಾ?"

"ಬಾಲ ಸಿಕ್ಕಿಕೊಂಡಿತ್ತಂತೆ..."

"ಕೋಳಿದೂ ಸಿಕ್ಕಿಕೊಂಡಿತ್ತಾ?"

ಜಡೆಯಕ್ಕ ಮುಖ ತಗ್ಗಿಸಿದಳು. ಮರಿಗಳ ಬಾಯಿಂದ ತಾನೇ ತುತ್ತು ಕಿತ್ತು ಯಾವನಿಗೋ ಬಡಿಸಿದೆನಲ್ಲ ಎಂದು ಅವಳ ಕಣ್ಣಲ್ಲಿ ನೀರು ತುಂಬಿತು. ಅಜ್ಜ ಬಯ್ಯಲಿಲ್ಲ. "ನಾನು ನಿಧಾನ, ಒಪ್ಪಿದೆ. ನಿಧಾನ ಇರೋದಕ್ಕೇ ನನ್ನನ್ನ ಇಲ್ಲಿ ಕೂರಿಸಿರೋದು," ಎಂದಷ್ಟೇ ಹೇಳಿ ಕತ್ತು ಒಳಗೆಳೆದುಕೊಂಡ.

ಆ ಮಧ್ಯಾಹ್ನ ಮತ್ತಿಮರದಿಂದ ಕೊಕ್ಕರೆಯ ದನಿ ಬಂತು. "ಜೇನು ಕಹಿ! ದೊನ್ನೆ ಪೊಟರೆಯಲ್ಲಿಡು!"

ಜಡೆಯಕ್ಕನ ಕಾಲು ಅಭ್ಯಾಸಬಲದಿಂದ ಗುಹೆಯ ಕಡೆ ತಿರುಗಿತು. ಅವಳು ಅದನ್ನು ಹಿಡಿದು ನಿಲ್ಲಿಸಿದಳು.

"ತಪ್ಪಾಯ್ತು ಕೊಕ್ಕರೆಯಣ್ಣ. ಬುರುಡೆ ಅಜ್ಜನ ಬಂಡೆ ಮೇಲಿಡಿ. ನಿಮ್ಮ ದೊನ್ನೆ ನಿಮ್ಮನೆಗೇ ಬರತ್ತೆ."

"ಬುರುಡೆ ಒಡೆದುಹೋಯ್ತು!"

"ಚೂರುಗಳನ್ನಿಡಿ."

"ಚೂರುಗಳು ಹೊಳೇಲಿ ತೇಲಿಹೋದವು!"

"ಪಾಪ, ಹೊಳೆಗೆ ಹೋಗಿ ಒಡೆದಿರಾ? ಹಾಗಾದ್ರೆ ಅಜ್ಜ ನೋಡಿರ್ತಾರೆ, ಅವರನ್ನೇ ಕೇಳೋಣ ಬನ್ನಿ."

ಮರದಲ್ಲಿ ಕೊಕ್ಕರೆಯ ದನಿ ಸಿಟ್ಟಿಗೆ ನವಿಲಾಯಿತು, ನವಿಲು ಕೋಳಿಯಾಯಿತು, ಕೊನೆಗೆ ಬರಿಯ ಕಾಜಾಣದ ಕರ್ಕಶ ಗಂಟಲು ಉಳಿಯಿತು. "ನೋಡ್ತಾ ಇರು! ನಾಳೆ ಬೆಳಗ್ಗೆ ನಿನ್ನ ಮಾನ ಹರಾಜು!"

ಮಾನದ ಮಾತು ಬಂದರೂ ಜಡೆಯಕ್ಕ ಗುಹೆಯ ಬಾಗಿಲಿಗೆ ಅಡ್ಡಲಾಗಿ ಕೂತುಬಿಟ್ಟಳು. ಅಷ್ಟು ದೊಡ್ಡ ಮೈ ಅಂದು ಮೊದಲ ಸಲ ಕೆಲಸಕ್ಕೆ ಬಂತು.

ಕಾಜಾಣ ಹೇಳಿದಂತೆಯೇ ಮಾಡಿದ. "ಜಡೆಯಕ್ಕ ಕೆಟ್ಟ ಜೇನು ಕೊಟ್ಟು ದೊನ್ನೆ ವಾಪಸ್ ಕೊಡಲ್ಲವಂತೆ!" ಎಂದು ಮೈನಾಗಳು ಸಾರಿದವು. ಜಡೆಯಕ್ಕ ಆ ದಿನ ಊಟ ಬಿಟ್ಟಳು. ಗಿಳಿಗಳೂ ಅವಳ ಹೆಸರು ಕೂಗಲಿಲ್ಲ. ಆದರೆ ಆಕಾಶ ಕಳಚಿ ಬೀಳಲಿಲ್ಲ, ಮೂಲೆಯ ದೊನ್ನೆ ಒಂದೂ ಕಡಿಮೆಯಾಗಲಿಲ್ಲ.

ಅಷ್ಟರಲ್ಲಿ, ಮೊದಲೇ ಜೇನು ಕೊಂಡಿದ್ದ ಆಚೆ ದಡದ ಮುಳ್ಳುಹಂದಿ ಮಾಚಯ್ಯನ ಬುರುಡೆ ನಿಜವಾಗಿಯೂ ಬಂಡೆಗೆ ವಾಪಸ್ ಬಂತು. ಮಾಚಯ್ಯ ಕಾಡಿಗೆಲ್ಲ ದೊಡ್ಡ ಜಗಳಗಂಟ. ಮೈನಾಗಳ ಮಾತು ಕೇಳಿ, ಮುಳ್ಳೆಲ್ಲ ನಿಗುರಿಸಿಕೊಂಡು ಜಗಳಕ್ಕೆ ಸಿದ್ಧನಾಗಿಯೇ ಈಜಿಕೊಂಡು ಬಂದಿದ್ದ. ಅಜ್ಜ ಮೂಸಿದ, ನೋಡಿದ, ಮತ್ತೆ ಮೂಸಿದ. ಜೇನಿನ ತುಂಬ ಮೇಣದ ಚೂರು, ಹುಳುವಿನ ರೆಕ್ಕೆ. ತಪ್ಪು ಜಡೆಯಕ್ಕನದೇ.

"ಸೋಸೋದು ಮರೆತಿದ್ದೆ ಮಾಚಯ್ಯ, ಕ್ಷಮಿಸಬೇಕು," ಎಂದು, ಅಜ್ಜ ಹೇಳಿಕಳಿಸಿದ್ದಕ್ಕೆ ಬಂಡೆಗೆ ಬಂದಿದ್ದ ಅವಳು ಅಲ್ಲೇ ಅಜ್ಜನ ಕೈಯಿಂದಲೇ ಪೂರ್ತಿ ದೊನ್ನೆ ವಾಪಸ್ ಕೊಡಿಸಿದಳು. ಜಗಳಕ್ಕೆ ಜಾಗವೇ ಸಿಗದೆ ಮಾಚಯ್ಯ ಪೆಚ್ಚಾದ. ಆ ಸಿಟ್ಟನ್ನೆಲ್ಲ ಮೈನಾಗಳ ಮೇಲೆ ತೀರಿಸಿಕೊಂಡ.

ಮರುದಿನ ಬೆಳಗ್ಗೆ ಆಲದ ತುದಿಯಿಂದ ಹೊಸ ಸುದ್ದಿ ಬಂತು. "ಜಡೆಯಕ್ಕ ವಾಪಸ್ ಕೊಡ್ತಾಳಂತೆ! ಬಂಡೆ ಮೇಲೆ ಬುರುಡೆ ಇಟ್ಟವರಿಗೆ ಮಾತ್ರ ಕೊಡ್ತಾಳಂತೆ!"

ಆಚೆ ದಡದವರಿಗೆ ಅದರಲ್ಲಿ ಬೇಸರಪಡುವಂಥದ್ದೇನೂ ಕಾಣಲಿಲ್ಲ. ಮಧ್ಯಾಹ್ನಕ್ಕೆಲ್ಲ ಗಿಳಿಗಳು ಮತ್ತೆ ಜೇನು ಕೇಳಿ ಕೂಗತೊಡಗಿದವು. ಹೋದ ದೊನ್ನೆಗಳೇನೋ ಹೋದವೇ. ಜಡೆಯಕ್ಕ ಮಳೆ ಬರುವ ಮುಂಚೆ ರಾಶಿ ತುಂಬಿಸಲು ಮೂತಿಯೆಲ್ಲ ಊದಿಸಿಕೊಂಡು ಮರ ಹತ್ತಿದಳು, ಇಳಿದಳು. ಆ ಸುದ್ದಿ ಕೇಳಿ ಬೇಜಾರಾಗಿ ಕಾಡು ಬಿಟ್ಟುಹೋದವನು ಕಾಜಾಣ ಒಬ್ಬನೇ.

ನೀತಿ: ಮಾರಿದ ಮಾಲು ವಾಪಸ್ ಬಂದುದನ್ನು ನೋಡಿ, ಹಣವನ್ನು ಬಂದ ದಾರಿಯಲ್ಲೇ ಹಿಂದಿರುಗಿಸಬೇಕು, ಕೆಟ್ಟ ಹೆಸರಿಗೆ ಹೆದರಿ ಅಡ್ಡದಾರಿಯಲ್ಲಿ ಕೊಟ್ಟದ್ದು ಗಿರಾಕಿಗೂ ಸೇರುವುದಿಲ್ಲ, ನಮಗೂ ಉಳಿಯುವುದಿಲ್ಲ.